ಒರಳಿನ ಮುಂದೆ ಓದಿದ ಕರಾರು

ನಮ್ಮೂರಿನಲ್ಲಿ ಹಪ್ಪಳ ಒಣಗಿಸುವುದು ಬಲೆಯ ಕೆಳಗೆ. ಕಾಗೆಯ ಭಯಕ್ಕಲ್ಲ. ಬಲೆ ಇಲ್ಲದಿದ್ದರೆ ಹನ್ನೊಂದು ಗಂಟೆಯ ಬಿಸಿಲು ಏರುವಷ್ಟರಲ್ಲಿ ಹಪ್ಪಳಗಳು ಹಾಸಿದ ಸೀರೆ ಬಿಟ್ಟು ಮೇಲೆದ್ದು, ಒಂದರ ಹಿಂದೊಂದು ನೀರಿನ ಟ್ಯಾಂಕು ದಾಟಿ ಹೋಗಿಬಿಡುತ್ತವೆ. ಸುತ್ತ ಎಷ್ಟು ದೂರ ಹೋದರೂ ಒಂದು ಹೊಳೆಯಿಲ್ಲ, ಕೆರೆಯಿಲ್ಲ, ಆದರೂ ಪ್ರತಿ ಬೇಸಿಗೆಗೆ ಮೀನಿನ ಬಲೆ ಮಾರುವವನು ತಪ್ಪದೆ ಬರುತ್ತಾನೆ. ನಾವು ಏನು ಹಿಡಿಯುತ್ತೇವೆಂದು ಅವನು ಕೇಳಿದ್ದಿಲ್ಲ.

ಮದುವೆಯ ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆ ಮೊದಲು ಬಡಿಸುವುದು ಉಪ್ಪಲ್ಲ, ಗುಂಡುಕಲ್ಲು. ತೊಡೆಯ ಮೇಲೊಂದು ಇಟ್ಟುಕೊಂಡರೆ ಎರಡು ಹಪ್ಪಳದವರೆಗೆ ಧೈರ್ಯವಾಗಿ ತಿನ್ನಬಹುದು. ಕಲ್ಲು ಬೇಡವೆಂದು ಜಂಬ ಮಾಡುವ ಬೀಗರನ್ನು ಕೊಡೆಯ ಹಿಡಿಕೆಯಿಂದ ಕೆಳಗೆಳೆಯಲು ಒಬ್ಬ ಎತ್ತರದ ಮನುಷ್ಯನನ್ನು ಗೊತ್ತುಮಾಡಿರುತ್ತಾರೆ. ಮಂಡಿನೋವಿನ ಮುದುಕರಿಗೆ ಡಾಕ್ಟರು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಬರೆದುಕೊಡುತ್ತಾರೆ. ಮಕ್ಕಳಿಗೆ ಕಾಲು ಹಪ್ಪಳಕ್ಕಿಂತ ಹೆಚ್ಚು ಕೊಡುವ ತಾಯಿ ನಮ್ಮೂರಿನಲ್ಲಿಲ್ಲ. ಅಷ್ಟು ಕೊಟ್ಟವಳೂ ಮಗುವಿನ ಕಾಲಿಗೆ ದಾರ ಕಟ್ಟಿ ಹಿಡಿದುಕೊಂಡಿರುತ್ತಾಳೆ.

ಹಿಟ್ಟಿಗೆ ಹಾಕುವುದು ಎಲ್ಲ ಊರಿನವರೂ ಹಾಕುವುದನ್ನೇ: ಉದ್ದಿನ ಹಿಟ್ಟು, ಉಪ್ಪು, ಇಂಗು, ಕುಟ್ಟಿದ ಮೆಣಸು, ಹಪ್ಪಳಖಾರ. ಒರಳಿನಲ್ಲಿ ಕುಟ್ಟುವಾಗ ಮಾತ್ರ ಬುರುಡೆ ಬಿಡಬೇಕು. ಒಬ್ಬಳು ಒನಕೆ ಹಾಕುತ್ತಿದ್ದರೆ ಉಳಿದವರು ಸುತ್ತ ಕೂತು ಸರದಿಯಂತೆ ಸುಳ್ಳು ಹೇಳುತ್ತಾರೆ. ಸುಳ್ಳು ಬಿದ್ದ ಹಾಗೆಲ್ಲ ಹಿಟ್ಟು ಉಬ್ಬಿ ಒನಕೆಯನ್ನು ತಾನೇ ಮೇಲಕ್ಕೆ ತಳ್ಳುತ್ತದೆ. ಒಳ್ಳೆಯ ಸುಳ್ಳುಗಾರ್ತಿ ಇದ್ದ ದಿನ ಕುಟ್ಟುವವಳ ರಟ್ಟೆ ನೋಯುವುದೇ ಇಲ್ಲ. ಕಟ್ಟಳೆ ಎರಡೇ. ಆ ಒರಳಿನ ಮುಂದೆ ಒಮ್ಮೆ ಹೇಳಿದ ಸುಳ್ಳು ಮತ್ತೆ ಕೆಲಸಕ್ಕೆ ಬರುವುದಿಲ್ಲ, ಪ್ರತಿ ಸಲ ಹೊಸದೇ ಆಗಬೇಕು. ಮತ್ತೆ, ಹಿಟ್ಟು ಒರಳಿನಲ್ಲಿರುವಾಗ ಯಾರೂ ಅದು ನಿಜವೇ ಎಂದು ವಿಚಾರಿಸಬಾರದು. ವಿಚಾರಿಸಿದರೆ ಹಿಟ್ಟು ಕುಳಿತುಬಿಡುತ್ತದೆ, ಆಮೇಲೆ ಅದನ್ನು ಯಾವ ದೇವರೂ ಏಳಿಸಲಾರ. ಲಟ್ಟಿಸಿ ಬಿಸಿಲಿಗೆ ಹಾಕಿದ ಮೇಲೆ ಯಾರು ಏನು ಕೇಳಿದರೂ ಅದಕ್ಕೆ ಬಾಧೆಯಿಲ್ಲ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು, ಬಿ.ಎ. ಮುಗಿಸಿ. ಬಂದ ಮೊದಲ ವಾರವೇ ನನ್ನನ್ನು ಹೆಂಚು ಹೊದಿಸಿದ ಕುಟ್ಟುವ ಅಂಗಳಕ್ಕೆ ಕರೆದರು. ದ್ಯಾಮವ್ವ ಎಂಬ ಎಪ್ಪತ್ತರ ಅಜ್ಜಿ ಆ ದಿನ, ತಾನು ಹುಡುಗಿಯಾಗಿದ್ದಾಗ ಸೂರ್ಯ ಮುಳುಗುವುದು ತಡವಾಯಿತೆಂದು ಕೋಲಿನಿಂದ ತಿವಿದು ಮುಳುಗಿಸಿದ ಸಂಗತಿ ಹೇಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಅದು ಹೇಗೆ ಸಾಧ್ಯ?" ಎಂದೆ. ಮೂರು ಸೇರು ಹಿಟ್ಟು ಉಸ್ಸೆಂದು ಕುಳಿತುಕೊಂಡಿತು. ಒನಕೆ ಹಿಡಿದಿದ್ದ ಬಸಲಿಂಗಮ್ಮ ಮುಗ್ಗರಿಸಿ ಒರಳಿನ ಮೇಲೆ ಬಿದ್ದಳು.

"ಓದಿದ ಹುಡುಗಿ, ಮಾತು ತೂಗಿ ತೂಗಿ ಆಡ್ತಾಳ," ಎಂದು ದ್ಯಾಮವ್ವ ನನ್ನ ಅತ್ತೆಗೆ ಸಮಾಧಾನ ಹೇಳಿದಳು. "ತೂಕದ ಮಾತು ಹಿಟ್ಟಿಗೆ ಆಗಿಬರೂದಿಲ್ಲ. ಆಕಿನ್ನ ಗ್ವಾಡಿ ಕಡೆ ಕುಂದರ್ಸಿ ಕೈಯಾಗ ಕಾಗದ ಕೊಡ್ರಿ."

ಹೀಗೆ ನಾನು ಒಂಬತ್ತು ಜನ ಹೆಂಗಸರ ಹಪ್ಪಳದ ಸಂಘಕ್ಕೆ ಕಾರ್ಯದರ್ಶಿಯಾದೆ. ನನ್ನ ಕೈಯ ಹಪ್ಪಳ ಇವತ್ತಿಗೂ ನೆಲಕ್ಕೆ ಅಂಟಿದ ಹಾಗೆ ಮಲಗಿರುತ್ತದೆ. ನಾನು ಸುಳ್ಳು ಹೇಳಲು ಪ್ರಯತ್ನಿಸಿಲ್ಲವೆಂದಲ್ಲ. ಹೇಳಿದ ಮರುಕ್ಷಣವೇ "ಸುಮಾರಾಗಿ" ಎಂದೋ "ನನಗೆ ತಿಳಿದಂತೆ" ಎಂದೋ ಸೇರಿಸಿಬಿಡುತ್ತೇನೆ. ಮನೆಯಿಂದ ಹೊರಡುವಾಗ ಬೀಗವನ್ನು ಮೂರು ಸಲ ಎಳೆದು ನೋಡುವವಳು ನಾನು. ಮಾತನ್ನೂ ಹಾಗೆಯೇ ಎಳೆದು ನೋಡುತ್ತೇನೆ.

ನಮ್ಮ ಸರಕನ್ನು ಕೊಳ್ಳುತ್ತಿದ್ದವನು ಬಸ್‌ಸ್ಟ್ಯಾಂಡಿನ ಕೊಟ್ರಪ್ಪ, ಬೇರೆ ಯಾರೂ ಇರಲಿಲ್ಲ. ಅವನು ಕೊಳ್ಳುವುದು ತೂಕದ ಮೇಲೆ. ಹಪ್ಪಳದ ಕಟ್ಟು ಇಟ್ಟರೆ ಅವನ ತಕ್ಕಡಿಯ ತಟ್ಟೆ ಮೇಲಕ್ಕೆ ಹೋಗಿ ಮಾಡಿಗೆ ಬಡಿಯುತ್ತಿತ್ತು. "ನೋಡ್ರವ್ವಾ," ಎನ್ನುತ್ತಿದ್ದ ಅವನು, "ಕೆಳಗ ಬಂದ್ರ ನಾ ಕೊಡಬೇಕು. ಮ್ಯಾಲೆ ಹೋದ್ರ ನ್ಯಾಯವಾಗಿ ನೀವ ಕೊಡಬೇಕು. ಹೋಗ್ಲಿ ಬಿಡ್ರಿ, ನಮ್ಮೂರ ಹೆಣ್ಮಕ್ಕಳು." ಹೀಗೆಂದು ಕರುಣೆಯಿಂದ ನೂರು ಹಪ್ಪಳಕ್ಕೆ ಒಂದು ಬಟ್ಟೆ ಸೋಪು ಕೊಡುತ್ತಿದ್ದ. ನಮ್ಮೂರಿನಷ್ಟು ಬಿಳಿಯ ಬಟ್ಟೆ ಸುತ್ತಲಿನ ಯಾವ ಊರಿನಲ್ಲೂ ಇರಲಿಲ್ಲ.

ಕುಟ್ಟುವ ಅಂಗಳವೂ ಅವನದೇ. ಈ ವರ್ಷ ಯುಗಾದಿ ಕಳೆದ ಮೇಲೆ ಅವನು ಬಂದು, ಹಿಟ್ಟು ಕುಟ್ಟುವ ಮಿಷನ್ ತರಿಸುತ್ತಿದ್ದೇನೆ, ಒರಳು ಕಿತ್ತು ಅದರ ಜಾಗದಲ್ಲಿ ಕೂರಿಸುತ್ತೇನೆ ಎಂದ. ಮಿಷನ್ನಿನ ಹಪ್ಪಳ ತೂಕಕ್ಕೆ ಬರುತ್ತದೆ, ನೀವು ಸುಮ್ಮನೆ ಕೂತು ಪ್ಯಾಕ್ ಮಾಡಿದರಾಯಿತು ಎಂದ. ಬಸಲಿಂಗಮ್ಮ ಪಕ್ಕದೂರಿನಲ್ಲಿ ಅಂಥ ಮಿಷನ್ ನೋಡಿ ಬಂದಿದ್ದಳು. "ಅದರ ಸಪ್ಪಳಕ್ಕ ಒಬ್ಬರ ಮಾತು ಒಬ್ಬರಿಗೆ ಕೇಳೂದಿಲ್ಲ," ಎಂದಳು. ಅಷ್ಟೇ ಸಾಕಾಯಿತು, ಒಂಬತ್ತೂ ಜನ ಸುಮ್ಮನಾದರು. ಅವರು ಹಾಗೆ ಸುಮ್ಮನಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಹೊರಗಿನ ಗಿರಾಕಿ ಸಿಕ್ಕರೆ?" ಎಂದು ನಾನು ಗೋಡೆಯ ಕಡೆಯಿಂದ ಕೇಳಿದೆ.

ಕೊಟ್ರಪ್ಪ ನಕ್ಕ. "ಸಿಕ್ಕರ ಬಾಡಿಗಿ ಕೊಟ್ಟು ಒರಳು ಇಟ್ಕೋರಿ. ಈ ತಿಂಗಳ ಕಡೀ ದಿನದ ತನಕ ಕಾಯ್ತೀನಿ."

ಆ ಸಂಜೆಯೇ ನಾನು ಪೇಟೆಯ ಒಂದು ದೊಡ್ಡ ಅಂಗಡಿಗೆ ಕಾಗದ ಬರೆದೆ. ನಾಲ್ಕು ಸಾಲಿನ ಕಾಗದಕ್ಕೆ ನಾಲ್ಕು ತಾಸು ಹಿಡಿಯಿತು. ಒಂದು ಡಬ್ಬಿಯಲ್ಲಿ ಹನ್ನೆರಡು ಹಪ್ಪಳವಿಟ್ಟು, ಮೇಲೆ ಕಲ್ಲು ಹೇರಿ, ಅಂಚೆಗೆ ಹಾಕಿದೆ. ಅಲ್ಲಿಯವರು ಕಲ್ಲು ತೆಗೆದ ಕೂಡಲೇ ಹನ್ನೆರಡೂ ಹೋಗಿ ಅವರ ಮಾಡಿಗೆ ಅಂಟಿಕೊಂಡವಂತೆ. ಎಂಟನೆಯ ದಿನ ಉತ್ತರ ಬಂತು. ಲತಿಕಾ ಮೇಡಂ ಎಂಬ ಅಧಿಕಾರಿ ತಯಾರಿಕೆ ನೋಡಲು ಖುದ್ದಾಗಿ ಬರುತ್ತಾರೆ, ಅವರು ಒಪ್ಪಿದರೆ ಅಂದೇ ಕರಾರಿಗೆ ಸಹಿ. ಅವರು ಬರುವ ತಾರೀಖು ಕೊಟ್ರಪ್ಪ ಹೇಳಿದ ಕೊನೆಯ ದಿನವೇ ಆಗಿತ್ತು.

ಲತಿಕಾ ಮೇಡಂ ಬೆಳಗಿನ ಬಸ್ಸಿಗೆ ಬಂದರು. ನಲವತ್ತು ದಾಟಿದ ತೆಳ್ಳಗಿನ ಹೆಂಗಸು, ಕಂಕುಳಲ್ಲಿ ದಪ್ಪ ಫೈಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಪೆನ್ನು. ಕೈ ಮುಗಿದು, ಕೊಟ್ಟ ನೀರನ್ನು ಮುಟ್ಟದೆ ಪಕ್ಕಕ್ಕಿಟ್ಟು, ಅಂಗಳದ ಉದ್ದಗಲ ಅಳೆದರು, ಕಿಟಕಿ ಎಣಿಸಿದರು, ಬಸಲಿಂಗಮ್ಮನ ಉಗುರು ನೋಡಿದರು. ಫೈಲಿನಲ್ಲಿ ಎಪ್ಪತ್ತೊಂದು ಪ್ರಶ್ನೆಗಳಿದ್ದವು. ನನಗೆ ಆಕೆಯನ್ನು ನೋಡಿದ ಗಳಿಗೆಯಲ್ಲೇ ಕೆಲಸ ಕೆಡುತ್ತದೆ ಅನ್ನಿಸಿತು. ಏಕೆಂದರೆ ಆಕೆ ನನ್ನಂಥವಳು. ಏನನ್ನೂ ಕೇಳದೆ ಬಿಡುವವಳಲ್ಲ. ಒರಳಿನ ಹತ್ತಿರ ಪ್ರಶ್ನೆ ಕೇಳಬೇಡಿ ಎಂದು ನಾನು ಮೊದಲೇ ಎರಡು ಸಲ ಹೇಳಿದೆ. "ಖಂಡಿತ ಇಲ್ಲ, ಏಕೆ?" ಎಂದರು. ಅದೂ ಒಂದು ಪ್ರಶ್ನೆಯೇ ಆಯಿತು.

ಕೊಟ್ರಪ್ಪ ತಮಾಷೆ ನೋಡಲು ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಬಸಲಿಂಗಮ್ಮ ಒನಕೆ ಎತ್ತಿದಳು. ಮೇಡಂ ಇದ್ದ ಸಂಕೋಚಕ್ಕೆ ಮೊದಮೊದಲು ಸುಳ್ಳುಗಳು ತೀರಾ ಸಣ್ಣವು ಬಂದವು. ಒಬ್ಬಳು ನಮ್ಮ ಎಮ್ಮೆ ಅರ್ಧ ಲೀಟರ್ ಜಾಸ್ತಿ ಕರೆಯಿತು ಎಂದಳು. ಇನ್ನೊಬ್ಬಳು ನನ್ನ ಅತ್ತೆ ನಿನ್ನೆ ನನ್ನ ಅಡುಗೆ ಚೆನ್ನಾಗಿದೆ ಎಂದರು ಎಂದಳು. ಅದಕ್ಕೆ ಹಿಟ್ಟು ತುಸು ಮಿಸುಕಿತು. ದ್ಯಾಮವ್ವ ಎಲ್ಲರನ್ನೂ ಕೈಸನ್ನೆಯಲ್ಲಿ ಸುಮ್ಮನಾಗಿಸಿ, ಸೆರಗು ಸರಿಪಡಿಸಿಕೊಂಡು, ಗಂಟಲು ಕೆರೆದಳು.

"ನನ್ನ ಮದುವಿ ದಿನ ಏನಾತು ಗೊತ್ತೇನ್ರಬೇ. ಗಂಡು ಬರಲಿಲ್ಲ, ಗಂಡಿನ ಕುದುರಿ ಒಂದ ಬಂತು. ಅಕ್ಕಿಕಾಳು ಹಿಡಕೊಂಡು ಎಷ್ಟೊತ್ತಂತ ಕುಂದರೂದು? ಕುದುರಿ ಕೈಯಾಗ ತಾಳಿ ಕಟ್ಟಿಸ್ಕೊಂಡೆ. ನಾಕು ವರ್ಷ ಸಂಸಾರ ಮಾಡೀನಿ. ಒಂದ ದಿನ ಎದುರುತ್ತರ ಕೊಡಲಿಲ್ಲ. ಆಮ್ಯಾಗ ಗಂಡ ಬಂದ, ನೋಡಿದೆ, ಕುದುರಿನ ಛಲೋ ಇತ್ತು."

ಒನಕೆ ಬಸಲಿಂಗಮ್ಮನ ಕೈಯಲ್ಲಿ ಹೂವಿನ ಹಾಗೆ ಏಳತೊಡಗಿತು. ಮೊಣಕೈ ಎತ್ತರ, ಭುಜದ ಎತ್ತರ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

"ಯಾವ ಇಸವಿಯಲ್ಲಿ?" ಎಂದರು ಲತಿಕಾ ಮೇಡಂ, ಪೆನ್ನು ಹಿಡಿದು.

ಉಸ್ಸೆಂದಿತು ಹಿಟ್ಟು. ಒನಕೆ ಧೊಪ್ಪನೆ ಇಳಿಯಿತು. ಕುಳಿತ ಹಿಟ್ಟನ್ನು ತೆಗೆದು ಬದಿಗಿಟ್ಟು ಹೊಸ ಹಿಟ್ಟು ಹಾಕಿದರು. ಈ ಸಲ ಹುಚ್ಚಂಗೆವ್ವ ಮುಂದೆ ಬಂದಳು. ಆಕೆ ಮಿತಭಾಷಿ, ವರ್ಷಕ್ಕೆ ಎರಡೋ ಮೂರೋ ಬುರುಡೆ ಬಿಡುವವಳು, ಬಿಟ್ಟರೆ ಮಾತ್ರ ಊರು ನೆನಪಿಟ್ಟುಕೊಳ್ಳುವಂಥದು. "ನಮ್ಮಪ್ಪ ತೋಡಿಸಿದ ಬಾವಿ ನೀರು ಎಷ್ಟು ಸಿಹಿ ಇತ್ತು ಅಂದ್ರ," ಎಂದಳು ಮೆಲ್ಲಗೆ, "ಇರುವಿ ಈಜು ಕಲ್ತ ಬರ್ತಿದ್ವು."

ಒನಕೆ ತಲೆಯ ಮೇಲಕ್ಕೆ ಹೋಯಿತು.

"ಆ ನೀರಿನ ಪರೀಕ್ಷೆ ಮಾಡಿಸಿದ ಪತ್ರ ಇದೆಯೇ?" ಎಂದರು ಮೇಡಂ.

ಮೂರನೆಯ ಹಿಟ್ಟೂ ಹಾಗೆಯೇ ಹೋಯಿತು. ಆಕೆ ಕೆಟ್ಟವರಲ್ಲ. ಪ್ರತಿ ಸಲವೂ ನಾಲಿಗೆ ಕಚ್ಚಿಕೊಂಡು "ಕ್ಷಮಿಸಿ, ಅಭ್ಯಾಸ" ಎನ್ನುತ್ತಿದ್ದರು. ಆ ಅಭ್ಯಾಸದ ಸಂಕಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೆ ಒಂಬತ್ತು ಸೇರು ಹಿಟ್ಟು ಮೂಲೆಯಲ್ಲಿ ಸೀಸದ ಗುಂಡಿನ ಹಾಗೆ ಬಿದ್ದಿತ್ತು. ಕೊಟ್ರಪ್ಪ ಟೇಪು ತಂದು, ಮಿಷನ್ ಹಿಡಿಯುತ್ತದೋ ಇಲ್ಲವೋ ಎಂದು ಒರಳಿನ ಸುತ್ತ ಅಳೆಯಲು ಶುರುಮಾಡಿದ್ದ. ಉಳಿದದ್ದು ಎರಡು ಸಲಕ್ಕಾಗುವಷ್ಟು ಹಿಟ್ಟು ಮಾತ್ರ. ಬಸಲಿಂಗಮ್ಮ ಅದರಲ್ಲಿ ಅರ್ಧವನ್ನು ಒರಳಿಗೆ ಹಾಕಿ, ಏನೂ ತೋಚದೆ, ಮಾತಿಲ್ಲದೆ ಕುಟ್ಟುತ್ತ ನಿಂತಳು.

ಮೇಡಂ ಫೈಲು ಮುಚ್ಚಿದರು. "ಡಬ್ಬಿಯಲ್ಲಿ ಬಂದದ್ದು ನಿಜಕ್ಕೂ ಎದ್ದಿತ್ತು. ಇಲ್ಲಿ ನನ್ನ ಕಣ್ಣಮುಂದೆ ಏಳಲಿಲ್ಲ. ಏಳದ್ದನ್ನು ಏಳುತ್ತದೆಂದು ಬರೆಯಲಾರೆ." ಆಮೇಲೆ, ನಮ್ಮ ಮುಖ ನೋಡಿ ಪಾಪ ಅನ್ನಿಸಿರಬೇಕು, ಒರಳಿನ ಕಟ್ಟೆಯ ಮೇಲೆ ಕೂತರು. "ಇಷ್ಟು ದೂರ ಬಂದದ್ದಕ್ಕೆ ಕರಾರಾದರೂ ಓದಿ ಹೇಳುತ್ತೇನೆ. ಮುಂದೆ ಎಂದಾದರೂ ಉಪಯೋಗಕ್ಕೆ ಬಂದೀತು. ಒಂದು ಪ್ರತಿ ನೀವು ಹಿಡಿದುಕೊಳ್ಳಿ, ಕಸ್ತೂರಿಯವರೇ."

ನಾನು ಪ್ರತಿ ತೆಗೆದುಕೊಂಡೆ. ಆಕೆ ಕನ್ನಡಕ ಏರಿಸಿ ಓದಿದರು. "ಕಲಂ ಒಂದು. ನಮ್ಮ ಸಂಸ್ಥೆಯು ಉತ್ಪಾದಕರನ್ನು ತನ್ನ ಕುಟುಂಬದ ಸದಸ್ಯರೆಂದೇ ಭಾವಿಸುತ್ತದೆ."

ಒನಕೆ ಬಸಲಿಂಗಮ್ಮನ ಕೈಯಿಂದ ಕಿತ್ತುಕೊಂಡು ಮೇಲೆ ಹೋಯಿತು.

ಹೋಗಿ ಮಾಡಿನ ತೊಲೆಗೆ ಬಡಿದು ಮತ್ತೆ ಕೈಗೆ ಬಂತು. ಮೇಡಂ ತಲೆಯೆತ್ತಿ ನೋಡುವಷ್ಟರಲ್ಲಿ ದ್ಯಾಮವ್ವ, "ಓದ್ರಿ ಮೇಡಮ್ಮಾ," ಎಂದಳು, ಮಗುವನ್ನು ಮಲಗಿಸುವಂಥ ದನಿಯಲ್ಲಿ. "ಭಾಳ ಛಲೋ ಐತಿ. ನಿಲ್ಲಿಸಬ್ಯಾಡ್ರಿ."

"ಕಲಂ ಎರಡು. ಸರಕು ತಲುಪಿದ ಹದಿನೈದು ದಿನಗಳೊಳಗೆ ಪೂರ್ತಿ ಹಣ ಪಾವತಿಯಾಗುವುದು."

ಈ ಸಲ ಒನಕೆಯ ಜೊತೆ ಬಸಲಿಂಗಮ್ಮನೂ ಒಂದು ಮೊಳ ಎದ್ದಳು. ಹುಚ್ಚಂಗೆವ್ವ ಆಕೆಯ ಸೀರೆಯ ನಿರಿಗೆ ಹಿಡಿದುಕೊಂಡಳು.

"ಕಲಂ ಮೂರು. ಸರಕನ್ನು ಉತ್ಪಾದಕರ ಅನುಕೂಲಕ್ಕೆ ತಕ್ಕಂತೆ ಸಂಸ್ಥೆಯ ವಾಹನವು ಬಂದು ಒಯ್ಯುವುದು."

ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ಹಲ್ಲಿನಿಂದ ಹಿಡಿದುಕೊಂಡಿದ್ದೆ. ಈಗ ಕೇಳಿದರೆ ಹಿಟ್ಟು ಕುಳಿತುಬಿಡುತ್ತದೆ, ಆಕೆ ಬಸ್ಸಿಗೆ ಹೋಗುತ್ತಾರೆ, ಕೊಟ್ರಪ್ಪ ಒರಳು ಕೀಳುತ್ತಾನೆ. ಕೇಳದೆ ಹೋದರೆ ಇಂಥ ಕರಾರಿಗೆ ಒಂಬತ್ತು ಹೆಬ್ಬೆಟ್ಟು ಬೀಳುತ್ತದೆ, ಅದನ್ನು ಒತ್ತಿಸುವವಳು ನಾನೇ. ಹಾಗಾಗಿ ನನ್ನ ಪ್ರತಿಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ. ಕಲಂ ಒಂದು: ತೊಲೆ. ಕಲಂ ಎರಡು: ತೊಲೆ, ಬಸಲಿಂಗಮ್ಮ ಸಹಿತ. ಕಲಂ ಮೂರು: ತಲೆಯ ಮೇಲೆ ಒಂದು ಗೇಣು. ಕಲಂ ನಾಲ್ಕು, ಒಡೆದ ಹಪ್ಪಳಕ್ಕೆ ದುಡ್ಡಿಲ್ಲ ಎಂಬುದಕ್ಕೆ ಹಿಟ್ಟು ಕದಲಲಿಲ್ಲ. ಒಟ್ಟು ಹನ್ನೊಂದು ಕಲಮುಗಳಲ್ಲಿ ನಿಜವಿದ್ದದ್ದು ನಾಲ್ಕು, ಅವು ನಾಲ್ಕೂ ನಮಗೆ ಸಿಗದ್ದನ್ನು, ನಾವು ಮಾಡಬಾರದ್ದನ್ನು ಕುರಿತವು.

ಕೊನೆಯ ಕಲಂ ಮುಗಿಯುವ ಹೊತ್ತಿಗೆ ಹಿಟ್ಟು ಒರಳಿನ ಬಾಯಿ ಮೀರಿ ಬೆಳ್ಳಿಮೋಡದ ಹಾಗೆ ನಿಂತಿತ್ತು. ಎಲ್ಲರೂ ಒಂದು ಮಾತಿಲ್ಲದೆ ಅದಕ್ಕೆ ಮುಗಿಬಿದ್ದರು. ಉಂಡೆ ಕಟ್ಟಿದರು, ದಾರದಿಂದ ಕೊಯ್ದರು, ಒಂಬತ್ತು ಮಣೆ ಒಂಬತ್ತು ಲಟ್ಟಣಿಗೆ ಏಕಕಾಲಕ್ಕೆ ಉರುಳಿದವು. ಮೇಡಂ ಬಿಟ್ಟ ಕಣ್ಣು ಬಿಟ್ಟಂತೆಯೇ, ಹೊರಗೆ ಬಿಸಿಲಿನಲ್ಲಿ ಬಲೆಯ ಕೆಳಗೆ ಹಾಕುತ್ತಿದ್ದ ಹಪ್ಪಳಗಳು ಇಡೀ ಬಲೆಯನ್ನೇ ಎತ್ತಿ ನಾಲ್ಕು ಮೂಲೆಯ ಕಲ್ಲುಗಳನ್ನು ಎಳೆದಾಡುವುದನ್ನು ನೋಡಿದರು. ಹಸಿಯಲ್ಲೇ ಹೀಗೆ ಎಳೆಯುವ ಹಪ್ಪಳವನ್ನು ದ್ಯಾಮವ್ವ ಕೂಡ ತನ್ನ ಜನ್ಮದಲ್ಲಿ ಕಂಡಿರಲಿಲ್ಲವಂತೆ. ಆಕೆ ಹಾಗೆಂದು ಹೇಳಿದ್ದು ಒರಳಿನಿಂದ ದೂರ ನಿಂತು, ಆದ್ದರಿಂದ ನಂಬಬಹುದು.

"ಎದ್ದಿತು," ಎಂದರು ಮೇಡಂ, ಖುಷಿಯಿಂದ ಬರೆದುಕೊಳ್ಳುತ್ತ. "ಸಾಕು. ಸಹಿ ಹಾಕೋಣ. ಕೊನೆಗೆ ಏನು ಬದಲಾಯಿಸಿದಿರಿ?"

ಕೊಟ್ರಪ್ಪ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. ಹೆಂಗಸರು ನನ್ನ ಕಡೆ ನೋಡಿದರು. ಬಸಲಿಂಗಮ್ಮ ಕಣ್ಣಿನಲ್ಲೇ, ಸುಮ್ಮನಿರು ಎಂದಳು. ಸುಮ್ಮನಿದ್ದರೆ ಒರಳು ಉಳಿಯುತ್ತಿತ್ತು, ಅದು ಕಣ್ಣಮುಂದಿತ್ತು. ಹದಿನೈದು ದಿನಕ್ಕೆ ಬಾರದ ಹಣ ಎಂದು ಬರುತ್ತಿತ್ತೋ, ಮತ್ತೆ ಸೋಪಿಗೆ ಕೈ ಚಾಚುವ ದಿನ ಬರುತ್ತಿತ್ತೋ, ಅದು ಮುಂದಿನ ಮಾತು. ಪೆನ್ಸಿಲ್ ಗುರುತಿನ ಪ್ರತಿಯನ್ನು ಆಕೆಯ ಮುಂದಿಟ್ಟೆ.

"ಮೇಡಂ, ನಾವೇನೂ ಬದಲಾಯಿಸಲಿಲ್ಲ. ಈ ಹಿಟ್ಟು ಸುಳ್ಳಿಗೆ ಮಾತ್ರ ಏಳುತ್ತದೆ. ಕೊನೆಯ ಸಲ ಮಾತಾಡುತ್ತಿದ್ದವರು ನೀವೊಬ್ಬರೇ."

ಆಕೆ ಪ್ರತಿಯನ್ನು ಓದಿದರು. ತೊಲೆ, ತೊಲೆ, ಒಂದು ಗೇಣು, ಇಲ್ಲ, ತೊಲೆ. ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದು ನಿಂತರು. ಬಸಲಿಂಗಮ್ಮ ಹಣೆ ಬಡಿದುಕೊಂಡದ್ದು ನನಗೆ ಕೇಳಿಸಿತು. ಮೇಡಂ ಬಾಗಿಲ ಕಡೆ ನಾಲ್ಕು ಹೆಜ್ಜೆ ಹೋದವರು ಹಿಂದಿರುಗಿ ಬಂದು, ಉಳಿದಿದ್ದ ಹಿಟ್ಟನ್ನು ತಾವೇ ಎತ್ತಿ ಒರಳಿಗೆ ಹಾಕಿದರು. ಬಗ್ಗಿ, ಒರಳಿನ ಬಾಯಿಗೆ ಮುಖವಿಟ್ಟು ಹೇಳಿದರು. "ಅದನ್ನು ಬರೆದದ್ದು ನಾನಲ್ಲ. ಎಂಟು ವರ್ಷದಿಂದ ಊರೂರಿಗೆ ಹೋಗಿ ಓದುತ್ತಿದ್ದೇನೆ, ಅಷ್ಟೆ. ಒಂದು ದಿನವೂ ನಿಜವೇ ಎಂದು ಕೇಳಿಕೊಳ್ಳಲಿಲ್ಲ."

ಎಲ್ಲರೂ ಬಗ್ಗಿ ನೋಡಿದೆವು. ಹಿಟ್ಟು ಒಂದು ಎಳ್ಳಿನಷ್ಟೂ ಕದಲಲಿಲ್ಲ.

"ಪಾಪ, ಖರೇ ಹೇಳಾಕತ್ಯಾಳ," ಎಂದಳು ಹುಚ್ಚಂಗೆವ್ವ.

"ಒನಕೆ ಹಾಕಿ," ಎಂದರು ಮೇಡಂ, ಕೊರಳಿನ ಪೆನ್ನು ಎಳೆದುಕೊಂಡು. "ಕಲಂ ಎರಡು. ಒಂದು ತಿಂಗಳೊಳಗೆ ಹಣ."

ಒನಕೆ ಸೊಂಟದವರೆಗೆ ಎದ್ದಿತು.

"ನಲವತ್ತು ದಿನ."

ಒಂದು ಬೆರಳು.

ಆಕೆ ಅದನ್ನೂ ಹೊಡೆದುಹಾಕಿದರು. "ಮೂವತ್ತೈದನೆಯ ದಿನದಿಂದ ನಾನು ದಿನಾ ಲೆಕ್ಕದ ಕೋಣೆಯ ಬಾಗಿಲಲ್ಲಿ ಹೋಗಿ ಕೂತರೆ, ನಲವತ್ತು ದಿನ."

ಹಿಟ್ಟು ಸುಮ್ಮನಿತ್ತು. "ಹಂಗ ಬರೀರಿ," ಎಂದಳು ದ್ಯಾಮವ್ವ. ಆಕೆ ಹಾಗೆಯೇ ಬರೆದರು. ಕುಟುಂಬದ ಸದಸ್ಯರು ಎಂಬುದು ಸ್ನೇಹಿತರಾಗಿ, ಪರಿಚಿತರಾಗಿ, ಕೊನೆಗೆ "ಮುಖ ಕಂಡರೆ ಹೆಸರು ಹಿಡಿದು ಕರೆಯುತ್ತೇನೆ" ಎಂಬಲ್ಲಿಗೆ ಬಂದು ನಿಂತಿತು. ಸಂಸ್ಥೆಯ ವಾಹನ ಹೋಗಿ "ನಾನೇ ಗಾಡಿ ಓಡಿಸಿಕೊಂಡು ಬರುತ್ತೇನೆ" ಆಯಿತು. ತೂಕದ ಕಲಂ ಬಂದಾಗ ನಾನು ಗೋಡೆ ಬಿಟ್ಟು ಎದ್ದು ಬಂದು, ತೂಕದಿಂದ ಬೇಡ, ಎಣಿಕೆಯಿಂದ ಕೊಳ್ಳಿ, ಕರಿದ ಹಪ್ಪಳ ಎಷ್ಟು ಗೇಣು ಏಳುತ್ತದೋ ಅದಕ್ಕೆ ತಕ್ಕ ಬೆಲೆ ಕೊಡಿ ಎಂದೆ. "ಪೇಟೆಯವರು ಎತ್ತರಕ್ಕೆ ಕೊಡುತ್ತಾರೆ," ಎಂದರು ಮೇಡಂ. ಒರಳಿನ ಕಡೆ ನೋಡಿದೆವು. ಕೊಡುತ್ತಾರೆ.

ಈಗ ದ್ಯಾಮವ್ವನಿಗೂ ಹುರುಪು ಬಂತು. "ನಮ್ಮದೂ ಒಂದು ಬರಕೋರಿ ಮತ್ತ. ತಿಂಗಳಿಗೆ ಐದು ಸಾವಿರ ಹಪ್ಪಳ ಕೊಡ್ತೀವಿ ನಾವು."

ಒನಕೆ ತೊಲೆಗೆ ಬಡಿದು ಎರಡು ಹೆಂಚು ಕೆಳಗೆ ಬಿದ್ದವು.

"ಯವ್ವಾ, ನಿನ್ನ ಕುದುರಿ ಗಂಡನ್ನೂ ಕರಿಸಿದ್ರ ಆದೀತು," ಎಂದಳು ಬಸಲಿಂಗಮ್ಮ. ಇಡೀ ಅಂಗಳ ನಕ್ಕಿತು. ಮೇಡಂ ನಕ್ಕರು, ಫೈಲಿನಿಂದ ಮುಖ ಮುಚ್ಚಿಕೊಂಡು ನಕ್ಕರು, ಆಮೇಲೆ ಫೈಲು ಎಲ್ಲೋ ಬಿತ್ತು. ಐದು ಸಾವಿರ ಮೂರಕ್ಕಿಳಿದು, "ಎರಡು ಸಾವಿರ, ಶ್ರಾವಣ ಬಿಟ್ಟು" ಎಂಬಲ್ಲಿ ಹಿಟ್ಟು ಒಪ್ಪಿತು. ಹನ್ನೊಂದು ಕಲಂ ಮುಗಿದಾಗ ಮಧ್ಯಾಹ್ನ ಮೂರು ಗಂಟೆ. ಒಂಬತ್ತು ಜನ ಹೆಬ್ಬೆಟ್ಟು, ಸಹಿ ಹಾಕಿದರು. ಆ ಪತ್ರ ಓದಲು ಚೆಂದವಿಲ್ಲ, ಅಲ್ಲಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಬರೆದು, ಹಿಟ್ಟಿನ ಬೆರಳಚ್ಚು ಬಿದ್ದು, ಚಿಂದಿಯ ಕೌದಿಯ ಹಾಗಿತ್ತು. ಕೊಟ್ರಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬಾಡಿಗಿ ಒಂದನೇ ತಾರೀಖಿಗೆ ಕೊಡಬೇಕ ನೋಡ್ರಿ," ಎಂದು ಹೇಳಿ ಹೋದ.

ಮುಂದಿನ ತಿಂಗಳು ಲತಿಕಾ ಮೇಡಂ ಬರೆದುಕೊಟ್ಟಂತೆ ತಾವೇ ಒಂದು ಹಳೆಯ ಬಿಳಿ ವ್ಯಾನು ಓಡಿಸಿಕೊಂಡು ಬಂದರು. ಓಡಿಸಲು ಹೊಸದಾಗಿ ಕಲಿತಿದ್ದರು, ಅದನ್ನೂ ಮುಚ್ಚಿಡಲಿಲ್ಲ. ಎರಡು ಸಾವಿರ ಹಪ್ಪಳ, ಇಪ್ಪತ್ತು ಪೆಟ್ಟಿಗೆ. ಹಳೆಯ ಕರಾರು ಓದಿ ಕುಟ್ಟಿದ ಹಪ್ಪಳಗಳೂ ಅದರಲ್ಲಿದ್ದವು. ಅವುಗಳ ಪೆಟ್ಟಿಗೆಗಳನ್ನು ಒಳಗಿಡುವುದಕ್ಕೆ ಇಬ್ಬರು ಹಗ್ಗದಿಂದ ಎಳೆಯಬೇಕಾಯಿತು. ಬಾಗಿಲು ಹಾಕಿದ ಕೂಡಲೇ ವ್ಯಾನಿನ ಹಿಂದಿನ ಚಕ್ರಗಳು ನೆಲ ಬಿಟ್ಟವು.

ನಾನು ಇದನ್ನು ಮೊದಲೇ ಯೋಚಿಸಬೇಕಿತ್ತು. ಎಲ್ಲವನ್ನೂ ಮೊದಲೇ ಯೋಚಿಸುವವಳು ನಾನು. ಆದರೆ ಆ ತಿಂಗಳಿಡೀ ನನಗೆ ಏನೋ ಆಗಿತ್ತು, ಬೀಗವನ್ನು ಕೂಡ ಒಂದೇ ಸಲ ಎಳೆಯುತ್ತಿದ್ದೆ. ಕಲ್ಲು ತರಲು ಹೊತ್ತಿರಲಿಲ್ಲ. "ನಾವ ಕುಂದರ್ತೀವಿ ಬಿಡ್ರಿ," ಎಂದಳು ದ್ಯಾಮವ್ವ. "ಕಲ್ಲಿಗಿಂತ ಏನ್ ಕಡಿಮಿ ಅದೀವಿ?" ಒಂಬತ್ತೂ ಜನ ಬುತ್ತಿ ಕಟ್ಟಿಕೊಂಡು ಬಂದು ಪೆಟ್ಟಿಗೆಗಳ ಮೇಲೆ ಹತ್ತಿ ಕೂತರು. ನಾನು ಮುಂದೆ ಮೇಡಂ ಪಕ್ಕದಲ್ಲಿ ಕೂತೆ. ಹಿಂದೆ ಕೂತವರಲ್ಲಿ ಪೇಟೆ ನೋಡಿದವರು ಯಾರೂ ಇರಲಿಲ್ಲ.

ವ್ಯಾನು ಊರ ಬೀದಿಯಲ್ಲಿ ಸರಿಯಾಗಿಯೇ ಹೋಯಿತು. ರೈಲ್ವೆ ಗೇಟಿನ ಹತ್ತಿರದ ಇಳಿಜಾರಿನಲ್ಲಿ ಹಿಂದಿನವರೆಲ್ಲ ರೈಲು ನೋಡಲು ಒಟ್ಟಿಗೆ ಎದ್ದು ನಿಂತರು, ಭಾರ ತಪ್ಪಿದ ಪೆಟ್ಟಿಗೆಗಳು ಹೋಗಿ ವ್ಯಾನಿನ ಮಾಡಿಗೆ ಒತ್ತಿಕೊಂಡವು. ಸೀಟಿನ ಕೆಳಗಿನ ಕುಲುಕಾಟ ಇದ್ದಕ್ಕಿದ್ದಂತೆ ನಿಂತುಹೋಯಿತು. ಅಷ್ಟು ನುಣುಪಾದ ರಸ್ತೆ ನಮ್ಮ ಕಡೆ ಇಲ್ಲವಲ್ಲ ಎಂದು ನಾನು ಕಿಟಕಿಯಿಂದ ಹೊರಗೆ ನೋಡಿದೆ. ಹುಣಸೆ ಮರಗಳ ನೆತ್ತಿ ಕಂಡಿತು. ನೆತ್ತಿಯಲ್ಲಿ ಒಂದು ಗೂಡಿತ್ತು, ಗೂಡಿನಲ್ಲಿ ಮೂರು ಮೊಟ್ಟೆ.

"ಬ್ರೇಕು ತುಳಿದಿದ್ದೇನೆ," ಎಂದರು ಮೇಡಂ, ಸ್ಟಿಯರಿಂಗನ್ನು ಅತ್ತ ಇತ್ತ ತಿರುಗಿಸುತ್ತ. "ಏನೂ ಆಗುತ್ತಿಲ್ಲ."

ಹಿಂದಿನಿಂದ ಮೊದಲು ಯಾರೋ ಕುಸುಕುಸು ನಕ್ಕರು, ಆಮೇಲೆ ಎಲ್ಲರೂ. ಬಸಲಿಂಗಮ್ಮ ಕೆಳಗೆ ಹೊಲದಲ್ಲಿದ್ದ ಗಂಡನನ್ನು ಹೆಸರು ಹಿಡಿದು ಕೂಗಿದಳು, ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. "ಪ್ಯಾಟಿ ಯಾವ ದಿಕ್ಕಿಗೈತಿ?" ಎಂದು ದ್ಯಾಮವ್ವ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಗಾಳಿ ಮೂಡಲ ಕಡೆ ಬೀಸುತ್ತಿತ್ತು. ಪೇಟೆಯೂ ಮೂಡಲಿಗೇ. ಕೆಳಗೆ ಮುಚ್ಚಿದ ಗೇಟು, ಹೋಗುತ್ತಿದ್ದ ಗೂಡ್ಸ್ ರೈಲು, ಎರಡೂ ಕಡೆ ಕಾದು ನಿಂತ ಬಸ್ಸುಗಳು, ಎತ್ತಿನ ಬಂಡಿಗಳು.

"ಕಸ್ತೂರಿ," ಎಂದರು ಮೇಡಂ. ಕನ್ನಡಕ ಮೂಗಿನ ತುದಿಗೆ ಬಂದಿತ್ತು. "ಇದು ಅಲ್ಲಿ ಹೋಗಿ ಇಳಿಯುತ್ತದಾ?"

ನಾನು ಉತ್ತರವನ್ನು ಎಳೆದು ನೋಡಲಿಲ್ಲ. "ಗೊತ್ತಿಲ್ಲ ಮೇಡಂ," ಎಂದೆ. ಹೇಳುತ್ತಲೇ ನನಗೂ ನಗು ಬಂದುಬಿಟ್ಟಿತು, ಎಂಥ ನಗುವೆಂದರೆ ಕಿಟಕಿಯ ಚೌಕಟ್ಟು ಹಿಡಿದುಕೊಳ್ಳಬೇಕಾಯಿತು. ಕೆಳಗೆ ಗೇಟಿನವನು ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ನಮ್ಮನ್ನೇ ನೋಡುತ್ತಿದ್ದ. ಎರಡೂ ಕೈಯಲ್ಲಿ ಎರಡು ಬಾವುಟ ಹಿಡಿದಿದ್ದ. ಒಂದು ಗಳಿಗೆ ಅದನ್ನೂ ಇದನ್ನೂ ನೋಡಿಕೊಂಡು, ಕೊನೆಗೆ ಹಸಿರನ್ನು ಎತ್ತಿದ.